ಹೆಸರು ಕೊನೆಗೆ, ಗೆರೆ ಮೊದಲು: ಕಲಾದಗಿ ಬೋಗುಣಿಯಲ್ಲಿ ಪದರುಶಿಲೆಗಳ ನಕ್ಷೆ ಮಾಡುವ ಕ್ರಮ

ಬಾದಾಮಿಯ ಕೆಂಪು ಬಂಡೆಯ ಫೋಟೊ ಕಳಿಸಿ "ಇದು ಯಾವ ಫಾರ್ಮೇಶನ್?" ಎಂದು ಕೇಳುವವರು ಬಹಳ. ಹೆಚ್ಚಿನವರು ಭೂವಿಜ್ಞಾನದ ಪದವಿ ವಿದ್ಯಾರ್ಥಿಗಳು, ಕೆಲವರು ಶಾಲಾ ಶಿಕ್ಷಕರು, ಒಬ್ಬಿಬ್ಬರು ತಮ್ಮ ಹೊಲದ ಕಲ್ಲಿನ ಬಗ್ಗೆ ಕುತೂಹಲವಿರುವ ರೈತರು. ಫಾರ್ಮೇಶನ್ ಎಂದರೆ ನಕ್ಷೆಯ ಮೇಲೆ ಬೇರೆಯಾಗಿ ತೋರಿಸಲು ಬರುವ, ಹೆಸರಿರುವ ಕಲ್ಲಿನ ಪದರ. ಒಂದು ಬಂಡೆಯ ಫೋಟೊ ನೋಡಿ ಅದನ್ನು ಹೇಳುವುದು ಆಗದ ಮಾತು. ಪದರದ ಹೆಸರು ನಿಂತಿರುವುದು ಅದರ ಕೆಳಗೇನಿದೆ, ಮೇಲೇನಿದೆ, ಅದು ಎಲ್ಲಿಯವರೆಗೆ ಹರಡಿದೆ ಎಂಬುದರ ಮೇಲೆ. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಕೆಲಸದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಕಲಾದಗಿಯವು. ಕಲಬುರಗಿ, ಯಾದಗಿರಿ ಕಡೆಯ ಭೀಮಾ ಬೋಗುಣಿಗೂ ಕ್ರಮ ಇದೇ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಬೇಸಿನ್ ಎಂದ ಕೂಡಲೇ ಕೃಷ್ಣಾ ಕೊಳ್ಳ, ಕಾವೇರಿ ಕೊಳ್ಳ ನೆನಪಾಗುತ್ತವೆ. ಅವು ಇಂದಿನ ನೀರು ಹರಿಯುವ ಪ್ರದೇಶಗಳು. ಭೂವಿಜ್ಞಾನಿ ಹೇಳುವ ಬೇಸಿನ್ ಬಹಳ ಹಿಂದೆ ನೆಲ ತಗ್ಗಾಗಿ, ಆ ತಗ್ಗಿನಲ್ಲಿ ಮರಳು, ಕೆಸರು, ಸುಣ್ಣ ತುಂಬಿ ಪದರುಶಿಲೆ, ಅಂದರೆ ಹಾಸುಹಾಸಾಗಿ ಕೂಡಿದ ಕಲ್ಲು, ಆದ ಜಾಗ. ನಾನು ಅದನ್ನು ಬೋಗುಣಿ ಎನ್ನುತ್ತೇನೆ. ಕಲಾದಗಿ ಬೋಗುಣಿಯ ಕಲ್ಲುಗಳು ಮುಖ್ಯವಾಗಿ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸುಮಾರು 8,000 ಚದರ ಕಿಲೋಮೀಟರ್ ಹರಡಿವೆ. ಉತ್ತರದ ಭಾಗವನ್ನು ಡೆಕ್ಕನ್ ಟ್ರ್ಯಾಪ್‌ನ ಲಾವಾ ಮುಚ್ಚಿದೆ. ಇವು ಪ್ರೊಟೆರೊಜೊಯಿಕ್ ಯುಗದವು, ಅಂದರೆ ಚಿಪ್ಪು, ಮೂಳೆಗಳಿರುವ ಪ್ರಾಣಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನವು. ಹಾಗಾಗಿ ಪಳೆಯುಳಿಕೆ ನೋಡಿ ಪದರ ಗುರುತಿಸುವ ಸುಖ ಇಲ್ಲಿಲ್ಲ. ಸುಣ್ಣಕಲ್ಲಿನ ಜಾತಿಯ ಡಾಲಮೈಟ್‌ಗಳಲ್ಲಿ ಸೂಕ್ಷ್ಮಜೀವಿಗಳ ಹಾಸು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ಅಲೆಯಲೆಯ ರಚನೆ ಸಿಗುತ್ತದೆ, ಅಷ್ಟೇ. ಉಳಿದುದನ್ನೆಲ್ಲ ಕಲ್ಲೇ ಹೇಳಬೇಕು.

ಶ್ರೇಣಿಗಳ ಹೆಸರೂ ತಿಳಿದಿರಲಿ. ಬೆಡ್ ಎಂದರೆ ಒಂದು ಹಾಸು, ಒಂದು ಮನೆ ಇದ್ದಂತೆ. ಮೆಂಬರ್ ಎಂದರೆ ಓಣಿ, ಫಾರ್ಮೇಶನ್ ಊರು, ಗ್ರೂಪ್ ತಾಲೂಕು, ಸೂಪರ್‌ಗ್ರೂಪ್ ಜಿಲ್ಲೆ. ಪ್ರತಿಯೊಂದು ಕಲ್ಲೂ ಯಾವುದಾದರೊಂದು ಊರಿಗೆ ಸೇರಲೇಬೇಕು. ಆದರೆ ಎಲ್ಲ ಊರಿಗೂ ಓಣಿ ಮಾಡಬೇಕೆಂಬ ನಿಯಮವಿಲ್ಲ. ನಕ್ಷೆಯ ಮೇಲೆ ಬೇರೆ ಬಣ್ಣ ಹಚ್ಚಿ ತೋರಿಸಲು ಬರುವಂಥದ್ದಾದರೆ ಮಾತ್ರ ಅದು ಫಾರ್ಮೇಶನ್. ಈ ಒಂದು ಷರತ್ತನ್ನು ಮರೆತೇ ಬಹಳ ಜನ ಎಡವುತ್ತಾರೆ.

1. ಹಾಳೆ ಹಿಡಿಯಿರಿ

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಸ್ಥಳನಕ್ಷೆ ಬೇಕು. ಅದರಲ್ಲಿ ನೆಲದ ಒಂದು ಕಿಲೋಮೀಟರ್ ಎರಡು ಸೆಂಟಿಮೀಟರ್ ಆಗುತ್ತದೆ. ಹಳೆಯ ಕ್ರಮಸಂಖ್ಯೆಯಲ್ಲಿ ಬಾದಾಮಿ 48 ಎಂ/9ರಲ್ಲಿದೆ, ಬಾಗಲಕೋಟೆ 47 ಪಿ/12ರಲ್ಲಿ. ಹೊಸ ಸರಣಿಯ ಸಂಖ್ಯೆಗಳು ಬೇರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂಕೋಶ ಜಾಲತಾಣದಲ್ಲಿ ಈಗಾಗಲೇ ಆಗಿರುವ ಭೂವೈಜ್ಞಾನಿಕ ನಕ್ಷೆ ನೋಡಬಹುದು.

ಆ ನಕ್ಷೆಯನ್ನು ನೋಡಿ, ಆದರೆ ಜೇಬಿನಲ್ಲಿಟ್ಟುಕೊಂಡು ಗುಡ್ಡ ಹತ್ತಬೇಡಿ. ಕಣ್ಣು ಬಹಳ ವಿಧೇಯ. ಇಲ್ಲಿ ಸುಣ್ಣಕಲ್ಲಿದೆ ಎಂದು ನಕ್ಷೆ ಹೇಳಿದರೆ ಮಣ್ಣಿನಲ್ಲೂ ಅದಕ್ಕೆ ಸುಣ್ಣಕಲ್ಲೇ ಕಾಣುತ್ತದೆ.

2. ಚೀಲದಲ್ಲಿ ಏನಿರಬೇಕು

ಸುತ್ತಿಗೆ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಚಾಕು, ದಿಕ್ಸೂಚಿ, ಓರೆ ಅಳೆಯುವ ಕ್ಲೈನೋಮೀಟರ್, ನೂರಕ್ಕೆ ಹತ್ತು ಪಾಲು ಮಾತ್ರ ಆಮ್ಲವಿರುವಂತೆ ತಿಳಿಯಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿಬಾಟಲಿ, ಗಟ್ಟಿ ರಟ್ಟಿನ ಟಿಪ್ಪಣಿ ಪುಸ್ತಕ, ಪೆನ್ಸಿಲ್. ಪೆನ್ನು ಬೇಡ, ಬೆವರಿಗೆ ಕರಗುತ್ತದೆ. ಮೊಬೈಲ್‌ನ ದಿಕ್ಸೂಚಿಯನ್ನು ನಂಬುವುದಾದರೆ ಅದರ ಕವಚದಲ್ಲಿ ಅಯಸ್ಕಾಂತವಿದೆಯೇ ನೋಡಿ, ಸುತ್ತಿಗೆಯನ್ನು ಒಂದೆರಡು ಮೀಟರ್ ಆಚೆಗಿಡಿ, ಜೀಪಿನ ಬಾನೆಟ್ ಮೇಲಿಟ್ಟು ಓದಬೇಡಿ. ಸ್ಥಳ ಗುರುತಿಸಲು ಮೊಬೈಲ್ ಜಿಪಿಎಸ್ ಸಾಕು. ಅದರ ಹತ್ತು ಮೀಟರ್ ತಪ್ಪು ಈ ಅಳತೆಯ ನಕ್ಷೆಯಲ್ಲಿ 0.2 ಮಿಲಿಮೀಟರ್, ಪೆನ್ಸಿಲ್ ಗೆರೆಯಷ್ಟೇ ದಪ್ಪ. ಎತ್ತರದ ವಿಷಯದಲ್ಲಿ ಮಾತ್ರ ಅದನ್ನು ನಂಬದೆ ನಕ್ಷೆಯ ಸಮೋನ್ನತ ರೇಖೆಗಳನ್ನೇ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳನ್ನೇ ನೋಡಿ.

ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಹೊಲಕ್ಕೆ ಕಾಲಿಡುವ ಮುಂಚೆ ಹೊಲದವರನ್ನು ಕೇಳಿ. "ಬಂಗಾರ ಐತೇನ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಸಿದ್ಧವಾಗಿರಲಿ.

ಒಂದು ಕಟ್ಟುನಿಟ್ಟಿನ ಮಾತು. ಬಾದಾಮಿಯ ಗುಹೆಗಳು, ಮಹಾಕೂಟ, ಐಹೊಳೆಯಂತಹ ಸಂರಕ್ಷಿತ ಸ್ಮಾರಕಗಳ ಹತ್ತಿರ ಸುತ್ತಿಗೆ ಚೀಲದಿಂದ ಹೊರಗೆ ಬರಬಾರದು. ಆಮ್ಲವೂ ಅಷ್ಟೇ. ಸುತ್ತಲಿನ ಕಲ್ಲಾಸರೆಗಳಲ್ಲಿ, ಊರವರು ಪಡಿ ಎನ್ನುವ ಜಾಗಗಳಲ್ಲಿ, ಪ್ರಾಗೈತಿಹಾಸಿಕ ವರ್ಣಚಿತ್ರಗಳಿವೆ. ಸಿಡಿಲಪಡಿ ಅವುಗಳಲ್ಲಿ ಹೆಸರುವಾಸಿ. ಅಂಥಲ್ಲಿ ನೋಡುವುದು, ಅಳೆಯುವುದು, ಚಿತ್ರ ಬರೆಯುವುದು, ಇಷ್ಟೇ.

3. ತಳದಿಂದ ಶುರುಮಾಡಿ

ಬೋಗುಣಿಯ ಅಂಚಿಗೆ ಹೋಗಿ ಪದರುಶಿಲೆ ಯಾವುದರ ಮೇಲೆ ಕುಳಿತಿದೆ ಎಂದು ಮೊದಲು ಕಂಡುಕೊಳ್ಳಿ. ಇಲ್ಲಿನ ತಳ ಪಟ್ಟೆಪಟ್ಟೆಯ ನೈಸ್, ಗ್ರಾನೈಟ್ ಮತ್ತು ಹಾಳೆಹಾಳೆಯಾಗಿ ಸೀಳುವ ಹಳೆಯ ಶಿಸ್ಟ್‌ಗಳದ್ದು. ಅದರ ಮೇಲೆ ಉರುಟುಗಲ್ಲುಗಳು ಬೆಸೆದುಕೊಂಡ ಕಾಂಗ್ಲಾಮರೇಟ್ ಕಂಡರೆ ಅದರ ಉರುಟುಗಳನ್ನು ಎಣಿಸಿ. ಬೆಣಚು ಎಷ್ಟು, ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಎಷ್ಟು, ಗ್ರಾನೈಟ್ ಎಷ್ಟು ಎಂದು ಬರೆಯಿರಿ. ಮೇಲಿನ ಪದರದೊಳಗೆ ಕೆಳಗಿನ ಕಲ್ಲಿನ ಚೂರು ಸಿಕ್ಕಿದರೆ ಯಾವುದು ಹಿರಿಯದು ಎಂಬ ವಾದ ಅಲ್ಲಿಗೇ ಮುಗಿಯುತ್ತದೆ.

ಸವದತ್ತಿಯ ಬಳಿ ಮಲಪ್ರಭೆ ಗುಡ್ಡವನ್ನು ಸೀಳಿ ಹರಿಯುವ ನವಿಲುತೀರ್ಥದ ಕಂದರ ಆರಂಭಿಗರಿಗೆ ಒಳ್ಳೆಯ ಪಾಠಶಾಲೆ. ನದಿ ಕೊರೆದಿರುವುದು ಸವದತ್ತಿ ಕ್ವಾರ್ಟ್‌ಜೈಟ್ ಎಂದು ಹೆಸರಾದ ಪದರವನ್ನು. ಕಲಾದಗಿಯ ಕೆಳಸ್ತರಗಳಲ್ಲಿ ಇಷ್ಟು ಎದ್ದುಕಾಣುವ ಇನ್ನೊಂದು ಇಲ್ಲ.

4. ಕಲ್ಲನ್ನು ವರ್ಣಿಸಿ, ಹೆಸರಿಸಬೇಡಿ

ಟಿಪ್ಪಣಿಯಲ್ಲಿ ಫಾರ್ಮೇಶನ್ ಹೆಸರು ಬರೆಯುವುದನ್ನು ನಾನು ಮೊದಲ ದಿನವೇ ನಿಷೇಧಿಸುತ್ತೇನೆ. ಅ, ಆ, ಇ ಎಂದು ತಾತ್ಕಾಲಿಕ ಅಕ್ಷರ ಕೊಡಿ. ಪ್ರತಿಯೊಂದಕ್ಕೂ ಬಣ್ಣ, ಕಣದ ಗಾತ್ರ, ಹಾಸಿನ ದಪ್ಪ, ಗಡಸುತನ, ಆಮ್ಲಕ್ಕೆ ಪ್ರತಿಕ್ರಿಯೆ, ಮೇಲ್ಮೈ ಗುರುತುಗಳು, ಇಷ್ಟು ಬರೆಯಿರಿ.

ತಪ್ಪುವುದು ಹೆಚ್ಚಾಗಿ ಇಲ್ಲಿ:

ಮರಳುಗಲ್ಲು ಮತ್ತು ಕ್ವಾರ್ಟ್‌ಜೈಟ್. ಒಡೆದ ಹೊಸ ಮುಖವನ್ನು ಮಸೂರದಲ್ಲಿ ನೋಡಿ. ಒಡಕು ಕಣಗಳ ಸುತ್ತ ಬಳಸಿ ಹೋಗಿದ್ದರೆ ಮರಳುಗಲ್ಲು, ಸಕ್ಕರೆಯಂತೆ ಒರಟಾಗಿರುತ್ತದೆ. ಕಣಗಳನ್ನೇ ಸೀಳಿಕೊಂಡು ಹೋಗಿದ್ದರೆ ಕ್ವಾರ್ಟ್‌ಜೈಟ್.

ಸುಣ್ಣಕಲ್ಲು ಮತ್ತು ಡಾಲಮೈಟ್. ಸುಣ್ಣಕಲ್ಲಿಗೆ ಆಮ್ಲ ಬಿದ್ದರೆ ಬುಸ್ಸೆಂದು ನೊರೆ ಬರುತ್ತದೆ. ಡಾಲಮೈಟ್ ಸುಮ್ಮನಿರುತ್ತದೆ. ಚಾಕುವಿನಿಂದ ಕೆರೆದು ಪುಡಿಯ ಮೇಲೆ ಹನಿ ಹಾಕಿದರೆ ಮೆಲ್ಲಗೆ ನೊರೆಗೂಡುತ್ತದೆ. ಚಾಕು ತಾಗದ, ಆಮ್ಲಕ್ಕೂ ಜಗ್ಗದ, ಗಾಜಿನಂತೆ ಒಡೆಯುವ ಕಲ್ಲು ಚೆರ್ಟ್. ಅದರ ಚೂಪು ಚೂರುಗಳೇ ಬೆಸೆದು ಆದ ಬ್ರೆಕ್ಸಿಯಕ್ಕೆ ಮಹಾಕೂಟದ ಹೆಸರಿದೆ.

ಬಣ್ಣ. ಬಣ್ಣವನ್ನು ಬರೆಯಿರಿ, ನಂಬಬೇಡಿ. ಬಾದಾಮಿಯ ಕೆಂಪು ಕಬ್ಬಿಣದ ಆಕ್ಸೈಡಿನದು. ಒಂದೇ ಹಾಸು ಹತ್ತು ಹೆಜ್ಜೆಯಲ್ಲಿ ಕೆಂಪಿನಿಂದ ಬಿಳುಪಿಗೆ ತಿರುಗಬಲ್ಲದು. ಬಣ್ಣದ ಮೇಲೆ ಗಡಿ ಎಳೆದ ನಕ್ಷೆಗಳನ್ನು ನಾನು ನೋಡಿದ್ದೇನೆ. ಅವು ಬಹಳ ಸುಂದರವಾಗಿರುತ್ತವೆ.

ಉರುಳುಗಲ್ಲು. ಬಾದಾಮಿಯ ಕಡಿದಾದ ಬಂಡೆಗಳ ಬುಡದಲ್ಲಿ ಮೇಲಿನಿಂದ ಬಿದ್ದ ಗುಂಡುಗಳ ರಾಶಿ ಇರುತ್ತದೆ. ಮನೆಯಷ್ಟು ದೊಡ್ಡದಾಗಿದ್ದರೂ ಬಿದ್ದ ಕಲ್ಲು ಬಿದ್ದ ಕಲ್ಲೇ. ಅಕ್ಕಪಕ್ಕದ ಹಾಸುಗಳ ದಿಕ್ಕಿಗೆ ಅದರ ಹಾಸು ಹೊಂದುತ್ತದೆಯೇ ನೋಡಿ, ಆಮೇಲೆ ಲೆಕ್ಕಕ್ಕೆ ತೆಗೆದುಕೊಳ್ಳಿ.

5. ಓರೆ ಅಳೆಯಿರಿ, ಅಡ್ಡಹಾಸಿಗೆ ಮೋಸಹೋಗಬೇಡಿ

ಡಿಪ್ ಎಂದರೆ ಹಾಸು ಎಷ್ಟು ಡಿಗ್ರಿ ಓರೆಯಾಗಿ ಯಾವ ದಿಕ್ಕಿಗೆ ಇಳಿದಿದೆ ಎಂಬುದು. ಹಂಚಿನ ಮನೆಯ ಮಾಡಿನ ಮೇಲೆ ನೀರು ಹರಿದಿಳಿಯುವ ದಿಕ್ಕು ಡಿಪ್ ಆದರೆ, ಮಾಡಿನ ನೆತ್ತಿಯ ಅಡ್ಡಗೆರೆಯ ದಿಕ್ಕು ಸ್ಟ್ರೈಕ್. ಹಾಸಿನ ಮೇಲೆ ಸ್ವಲ್ಪ ನೀರು ಸುರಿದು ನೋಡುವುದೇ ಸುಲಭ ಉಪಾಯ. ರಸ್ತೆಗೆ ಕಡಿದ ಗೋಡೆಯಲ್ಲಿ ಕಾಣುವ ಓರೆ ನಿಜವಾದ ಓರೆಗಿಂತ ಕಡಿಮೆ ಇರಬಹುದು. ಗೋಡೆ ಸ್ಟ್ರೈಕ್‌ನ ದಿಕ್ಕಿನಲ್ಲೇ ಇದ್ದರೆ ಮೂವತ್ತು ಡಿಗ್ರಿ ಇಳಿದ ಹಾಸೂ ಮಟ್ಟಸವಾಗಿ ಕಾಣುತ್ತದೆ. ಹಾಸಿನ ಮೇಲ್ಮೈ ಸಿಗುವವರೆಗೆ ಹುಡುಕಿ.

ಬಾದಾಮಿಯಲ್ಲಿ ಕಲಿಯಬೇಕಾದ ಪಾಠ ಇನ್ನೊಂದಿದೆ. ಗುಹೆಗಳನ್ನು ಕೊರೆದಿರುವ ಮರಳುಗಲ್ಲಿನಲ್ಲಿ ದಪ್ಪ ಹಾಸಿನೊಳಗೇ ಓರೆಯಾದ ಸಣ್ಣ ಗೆರೆಗಳ ಸಾಲುಗಳಿರುತ್ತವೆ. ಇದು ಅಡ್ಡಹಾಸು. ಹರಿಯುವ ನೀರು ಮರಳಿನ ದಿಬ್ಬವನ್ನು ಮುಂದೆ ತಳ್ಳುವಾಗ ದಿಬ್ಬದ ಇಳಿಜಾರಿನ ಮೇಲೆ ಮರಳು ಜಾರಿ ಆದ ಗೆರೆಗಳವು. ಇಪ್ಪತ್ತು ಡಿಗ್ರಿ ಓರೆ ಎಂದು ಹುರುಪಿನಿಂದ ಬರೆದುಕೊಂಡು ಬರುವವರು ಅಳೆದಿರುವುದು ಹೆಚ್ಚಾಗಿ ಇದನ್ನೇ. ನಿಜವಾದ ಹಾಸು ಅಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ಬಾಗಿರುವುದು ಅಪರೂಪ. ಹತ್ತು ಹೆಜ್ಜೆ ಹಿಂದೆ ಸರಿದು ಇಡೀ ಬಂಡೆಯನ್ನು ನೋಡಿ. ಉದ್ದಕ್ಕೂ ಸಾಗುವ ಗೆರೆ ಹಾಸು, ಎರಡು ಹಾಸುಗಳ ನಡುವೆ ಸಿಕ್ಕಿಕೊಂಡು ನಿಂತುಹೋಗುವುದು ಅಡ್ಡಹಾಸು.

ಆದರೆ ಆ ಅಡ್ಡಹಾಸನ್ನು ಬಿಸಾಡಬೇಡಿ. ಅದರ ಗೆರೆಗಳು ಕೆಳಗೆ ಮೆಲ್ಲನೆ ಬಾಗಿ ಹಾಸಿಗೆ ಸೇರುತ್ತವೆ, ಮೇಲೆ ಕತ್ತರಿಸಿದಂತೆ ನಿಲ್ಲುತ್ತವೆ. ಅಂದರೆ ಪದರದ ತಲೆ ಯಾವುದು, ಕಾಲು ಯಾವುದು ಎಂದು ಹೇಳುತ್ತವೆ. ಕೆಸರಿನ ಬಿರುಕುಗಳೂ ಹಾಗೆಯೇ, ಕೆಳಕ್ಕೆ ಹೋದಂತೆ ಕಿರಿದಾಗುತ್ತವೆ. ಮಟ್ಟಸವಾದ ಬಾದಾಮಿ ಪದರಗಳಲ್ಲಿ ಇದರ ಅಗತ್ಯ ಬೀಳುವುದಿಲ್ಲ. ಉತ್ತರಕ್ಕೆ ಹೋಗಿ, ಮಡಿಕೆಬಿದ್ದು ನೆಟ್ಟಗೆ ನಿಂತಿರುವ ಬಾಗಲಕೋಟೆ ಪದರಗಳ ಎದುರು ನಿಂತಾಗ ಇದೇ ಕೈಹಿಡಿಯುತ್ತದೆ.

6. ಅಡ್ಡ ನಡೆಯಿರಿ

ನಡಿಗೆ ಸ್ಟ್ರೈಕ್‌ಗೆ ಅಡ್ಡಲಾಗಿರಬೇಕು, ಆಗಲೇ ಕಡಿಮೆ ದೂರದಲ್ಲಿ ಹೆಚ್ಚು ಪದರ ಸಿಗುವುದು. ಬಾಗಲಕೋಟೆ ಗ್ರೂಪಿನ ಮಡಿಕೆಗಳು ಸರಿಸುಮಾರು ಪೂರ್ವ-ಪಶ್ಚಿಮವಾಗಿ ಹೋಗುವುದರಿಂದ ಉತ್ತರ-ದಕ್ಷಿಣವಾಗಿ ನಡೆಯಿರಿ. ಹಳ್ಳಗಳನ್ನು ಹಿಡಿದು ಹೋದರೆ ಕಲ್ಲು ತೆರೆದಿರುತ್ತದೆ.

ದಾರಿಯಲ್ಲಿ ಅ, ಆ, ಇ ಕಂಡ ಮೇಲೆ ಮತ್ತೆ ಆ, ಅ ಎಂದು ಕಂಡರೆ ನೀವು ಮಡಿಕೆ ದಾಟಿದ್ದೀರಿ. ಅ, ಆ, ಇ ಆದ ಮೇಲೆ ಥಟ್ಟನೆ ಮತ್ತೆ ಅ, ಆ, ಇ ಎಂದೇ ಬಂದರೆ ನಡುವೆ ಸ್ತರಭಂಗ, ಅಂದರೆ ನೆಲ ಸೀಳಿ ಜರುಗಿದ ಜಾಗ, ಇರಬಹುದು. ಇದನ್ನು ಗಮನಿಸದವರು ಒಂದೇ ಸುಣ್ಣಕಲ್ಲನ್ನು ಮೂರು ಕಡೆ ಕಂಡು ಮೂರು ಹೆಸರಿಡುತ್ತಾರೆ.

ಇನ್ನು ಗಡಿಗೆರೆ. ಎರಡು ಪದರ ಕೂಡುವ ಜಾಗವನ್ನು ಎರಡು ನಡಿಗೆಗಳಲ್ಲಿ ಕಂಡಿರಿ ಎಂದಿಟ್ಟುಕೊಳ್ಳಿ. ಆ ಎರಡು ಚುಕ್ಕಿಗಳನ್ನು ಅಳತೆಪಟ್ಟಿ ಇಟ್ಟು ನೇರವಾಗಿ ಸೇರಿಸಬೇಡಿ. ಗೆರೆ ನೆಲದ ಏರಿಳಿತಕ್ಕೆ ತಕ್ಕಂತೆ ಬಾಗಬೇಕು. ಹಾಸು ಮಟ್ಟಸವಾಗಿದ್ದರೆ ಗಡಿ ಸಮೋನ್ನತ ರೇಖೆಯನ್ನೇ ಹಿಂಬಾಲಿಸುತ್ತದೆ. ಬಾದಾಮಿಯ ಗುಡ್ಡಗಳ ಸುತ್ತ ಗಡಿ ಪಂಚೆಯ ಅಂಚಿನಂತೆ ಸುತ್ತಿಕೊಳ್ಳುವುದು ಇದಕ್ಕೇ. ಹಾಸು ನೆಟ್ಟಗೆ ನಿಂತಿದ್ದರೆ ಗುಡ್ಡ, ಕಣಿವೆ ಯಾವುದನ್ನೂ ಲೆಕ್ಕಿಸದೆ ಗಡಿ ನೇರವಾಗಿ ಹೋಗುತ್ತದೆ. ನಡುವಿನ ಓರೆಗಳಲ್ಲಿ ಕಣಿವೆ ದಾಟುವಾಗ ಗೆರೆ ಮೊನೆಯಾಗುತ್ತದೆ. ಹಾಸು ಹಳ್ಳದ ಮೇಲ್ದಿಕ್ಕಿಗೆ ಇಳಿದಿದ್ದರೆ ಮೊನೆ ಮೇಲ್ದಿಕ್ಕಿಗೆ. ಹಳ್ಳದ ಕೆಳದಿಕ್ಕಿಗೆ, ಹಳ್ಳದ ಇಳಿಜಾರಿಗಿಂತ ಹೆಚ್ಚು ಓರೆಯಾಗಿ ಇಳಿದಿದ್ದರೆ ಮೊನೆ ಕೆಳದಿಕ್ಕಿಗೆ.

ಎರೆ ಭೂಮಿ ಮುಚ್ಚಿರುವಲ್ಲಿ ಏನು ಮಾಡುವುದು? ಮೃದುವಾದ ಜೇಡುಗಲ್ಲು, ಸುಣ್ಣಕಲ್ಲುಗಳೇ ತಗ್ಗಿನಲ್ಲಿದ್ದು ಎರೆಯ ಕೆಳಗೆ ಅಡಗುವುದರಿಂದ ನಿಮಗೆ ಅತಿ ಬೇಕಾದ ಪದರವೇ ಕಾಣದಂತಾಗುತ್ತದೆ. ತೆರೆದ ಬಾವಿಯ ಗೋಡೆ, ಕಾಲುವೆಗೆ ಕಡಿದ ಜಾಗ, ಕೊಳವೆಬಾವಿಯ ಪಕ್ಕದ ಕಲ್ಲುಪುಡಿಯ ಗುಪ್ಪೆ, ಹೊಲದ ಬದುವಿಗೆ ಹಾಕಿದ ಕಲ್ಲು, ಇವೆಲ್ಲ ಸಾಕ್ಷಿಗಳು. ಬಾವಿ ತೋಡಿದವರು ಎಷ್ಟು ಆಳದಲ್ಲಿ ಯಾವ ಕಲ್ಲು ಸಿಕ್ಕಿತೆಂದು ನಿಖರವಾಗಿ ನೆನಪಿಟ್ಟುಕೊಂಡಿರುತ್ತಾರೆ, ಏಕೆಂದರೆ ಹಣ ತೆತ್ತವರು ಅವರು. ಕಣ್ಣಾರೆ ಕಂಡ ಗಡಿಗೆ ಗಟ್ಟಿ ಗೆರೆ, ಊಹಿಸಿದ ಗಡಿಗೆ ತುಂಡುಗೆರೆ, ಮಣ್ಣಿನ ಕೆಳಗಿನ ಗಡಿಗೆ ಚುಕ್ಕಿಗೆರೆ. ಇಡೀ ನಕ್ಷೆಯಲ್ಲಿ ಗಟ್ಟಿ ಗೆರೆಗಳೇ ಇದ್ದರೆ ನಾನು ಅದನ್ನು ಅನುಮಾನದಿಂದ ನೋಡುತ್ತೇನೆ.

7. ಕಾಲದ ಕಂದಕ ಹುಡುಕಿ

ಎರಡು ಪದರಗಳ ನಡುವೆ ಬಹುಕಾಲ ಏನೂ ಶೇಖರವಾಗದೆ, ಇದ್ದದ್ದೂ ಸವೆದುಹೋಗಿದ್ದರೆ ಆ ಗಡಿಗೆ ಅನ್‌ಕನ್‌ಫಾರ್ಮಿಟಿ ಎನ್ನುತ್ತಾರೆ. ಕೆಳಗಿನ ಹಾಸುಗಳು ಓರೆಯಾಗಿದ್ದು ಮೇಲಿನವು ಅವುಗಳ ತಲೆ ಕತ್ತರಿಸಿದಂತೆ ಮಟ್ಟಸವಾಗಿ ಕುಳಿತಿದ್ದರೆ ಅದು ಕೋನೀಯ ಅನ್‌ಕನ್‌ಫಾರ್ಮಿಟಿ. ದೊಡ್ಡ ಗುಂಪುಗಳನ್ನು ಬೇರ್ಪಡಿಸುವುದು ಇದೇ.

ಕಲಾದಗಿಯ ಇಡೀ ಕಥೆ ಈ ಒಂದು ಗೆರೆಯ ಮೇಲೆ ನಿಂತಿದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಲ್ಲಿನ ಪದರುಶಿಲೆಗಳನ್ನು ಕಲಾದಗಿ ಸರಣಿ ಎಂದು ಕರೆದರು. ಬಾದಾಮಿಯ ಮರಳುಗಲ್ಲೂ ಅದರಲ್ಲೇ ಸೇರಿತ್ತು. ಮಡಿಕೆಬಿದ್ದ ಪದರಗಳ ಮೇಲೆ ಮಡಿಕೆಯಿಲ್ಲದ ಪದರಗಳು ಕೋನವಾಗಿ ಕುಳಿತಿವೆ, ಆದ್ದರಿಂದ ಮೇಲಿನವು ಬೇರೆಯೇ ಗುಂಪು ಎಂದು ಭೂವಿಜ್ಞಾನಿ ಎಂ.ಎನ್. ವಿಶ್ವನಾಥಯ್ಯನವರು 1968ರಲ್ಲಿ ಬಾದಾಮಿ ಸರಣಿಯನ್ನು ಪ್ರತ್ಯೇಕಿಸಿದರು. ಈಗ ಕಲಾದಗಿ ಸೂಪರ್‌ಗ್ರೂಪ್ ಎಂಬ ಜಿಲ್ಲೆಯಲ್ಲಿ ಬಾಗಲಕೋಟೆ ಗ್ರೂಪ್ ಕೆಳಗೆ, ಬಾದಾಮಿ ಗ್ರೂಪ್ ಮೇಲೆ. ಬಾಗಲಕೋಟೆ ಗ್ರೂಪಿನೊಳಗೆ ಲೋಕಾಪುರ, ಸೀಮಿಕೇರಿ ಎಂಬ ಎರಡು ಉಪಗುಂಪುಗಳು. ಬಾದಾಮಿ ಗ್ರೂಪಿನೊಳಗೆ ಕೆರೂರು ಮತ್ತು ಕಟಗೇರಿ ಫಾರ್ಮೇಶನ್‌ಗಳು.

ಎಚ್ಚರಿಕೆ: ಬಾದಾಮಿ ಮರಳುಗಲ್ಲು ಕೆಲವೆಡೆ ನಡುವಿನ ಬಾಗಲಕೋಟೆ ಪದರಗಳಿಲ್ಲದೆ ನೇರವಾಗಿ ತಳದ ಹಳೆಯ ಕಲ್ಲಿನ ಮೇಲೆಯೇ ಕುಳಿತಿದೆ. "ತಳದ ಮೇಲಿದೆ, ಆದ್ದರಿಂದ ಇದೇ ಅತಿ ಹಳೆಯ ಪದರ" ಎಂಬ ತರ್ಕ ಅಲ್ಲಿ ಕೈಕೊಡುತ್ತದೆ.

8. ದಪ್ಪ ಲೆಕ್ಕಹಾಕಿ

ಸಮನೆಲದಲ್ಲಿ ಸ್ಟ್ರೈಕ್‌ಗೆ ಅಡ್ಡಲಾಗಿ ಪದರದ ಅಗಲ ಅಳೆದು ಡಿಪ್‌ನ ಸೈನ್‌ನಿಂದ ಗುಣಿಸಿ. 200 ಮೀಟರ್ ಅಗಲ, 30 ಡಿಗ್ರಿ ಡಿಪ್ ಇದ್ದರೆ ನಿಜವಾದ ದಪ್ಪ 100 ಮೀಟರ್. ಬಾದಾಮಿಯಂತಹ ಮಟ್ಟಸ ಪದರಕ್ಕೆ ಈ ಸೂತ್ರ ಬೇಡವೇ ಬೇಡ. ಮೂರು ಡಿಗ್ರಿಯನ್ನು ಎರಡೆಂದು ಓದಿದರೆ ದಪ್ಪದಲ್ಲಿ ಮೂರನೆಯ ಒಂದು ಪಾಲೇ ಹಾರಿಹೋಗುತ್ತದೆ. ಅಲ್ಲಿ ಬುಡದ ಎತ್ತರವನ್ನು ತಲೆಯ ಎತ್ತರದಿಂದ ಕಳೆಯಿರಿ.

ಹತ್ತು ಮೀಟರ್ ಅಗಲಕ್ಕೆ ಮಾತ್ರ ಕಾಣುವ ಪದರ 1:50,000 ನಕ್ಷೆಯಲ್ಲಿ 0.2 ಮಿಲಿಮೀಟರ್ ಆಗುತ್ತದೆ. ಅದನ್ನು ಫಾರ್ಮೇಶನ್ ಮಾಡಲು ಹೊರಡಬೇಡಿ. ಮೆಂಬರ್ ಅಥವಾ ಗುರುತುಹಾಸು ಎಂದು ಒಂದೇ ಗೆರೆಯಲ್ಲಿ ತೋರಿಸಿ.

9. ಈಗ ಹೆಸರು

ನಿಮ್ಮ ಅ, ಆ, ಇಗಳನ್ನು ಪ್ರಕಟವಾದ ಹೆಸರುಗಳೊಂದಿಗೆ ಹೊಂದಿಸಿ ನೋಡುವ ಸಮಯ ಈಗ ಬಂತು. ಬಹುಪಾಲು ಎಲ್ಲದಕ್ಕೂ ಈಗಾಗಲೇ ಹೆಸರಿರುತ್ತದೆ. ಮೊದಲು ಇಟ್ಟ ಹೆಸರಿಗೆ ಮೊದಲ ಮಾನ. ನಿಜವಾಗಿ ಹೊಸದೇ ಸಿಕ್ಕಿದ್ದರೆ ಪದರಗಳಿಗೆ ಹೆಸರಿಡುವ ನಿಯಮಗಳಾದ ಭಾರತದ ಸ್ತರನಾಮ ಸಂಹಿತೆ, ಅಂತರರಾಷ್ಟ್ರೀಯ ಮಾರ್ಗದರ್ಶಿ ಎರಡೂ ಕೇಳುವುದು ಹೆಚ್ಚುಕಡಿಮೆ ಒಂದೇ.

ನಕ್ಷೆಯಲ್ಲಿರುವ ಊರು, ಹಳ್ಳ ಅಥವಾ ಗುಡ್ಡದ ಹೆಸರು, ಅದರ ಮುಂದೆ ಕಲ್ಲಿನ ಹೆಸರು ಅಥವಾ ಶ್ರೇಣಿ. ಆ ಸ್ಥಳನಾಮ ಬೇರೆ ಯಾವ ಪದರಕ್ಕೂ ಬಳಕೆಯಾಗಿರಬಾರದು. ವ್ಯಕ್ತಿಯ ಹೆಸರು ಸಲ್ಲದು, ಗುರುಗಳದ್ದೂ ಸಲ್ಲದು. ಮಾದರಿ ಜಾಗ ಒಂದನ್ನು ತೋರಿಸಬೇಕು. ನಾಳೆ ಇನ್ನೊಬ್ಬರು ಅಲ್ಲಿಗೆ ಹೋಗಿ ಕೆಳಗಡಿ, ಮೇಲ್ಗಡಿ ಎರಡನ್ನೂ ಕೈಯಿಂದ ಮುಟ್ಟುವಂತಿರಬೇಕು. ಮುಚ್ಚಿಹೋಗಬಹುದಾದ ಕ್ವಾರಿಯನ್ನು ಆರಿಸಬೇಡಿ. ವರ್ಣನೆ, ದಪ್ಪ, ಹರವು, ನಕ್ಷೆ ಎಲ್ಲವೂ ಮಾನ್ಯ ನಿಯತಕಾಲಿಕದಲ್ಲಿ ಪ್ರಕಟವಾಗಬೇಕು. ಪ್ರಬಂಧದ ಹಸ್ತಪ್ರತಿಯಲ್ಲಿ ಇಟ್ಟ ಹೆಸರು ಹೆಸರಲ್ಲ.

ನಿಯಮ ಹೀಗಿದ್ದರೂ ರೂಢಿ ಅದನ್ನು ಮೀರುವುದುಂಟು. ಬಾದಾಮಿಯ ಮುಖ್ಯ ಮರಳುಗಲ್ಲಿನ ಪ್ರಕಟಿತ ಹೆಸರು ಕೇವ್ ಟೆಂಪಲ್ ಅರೆನೈಟ್, ಅಂದರೆ ಗುಹಾದೇವಾಲಯದ ಮರಳುಗಲ್ಲು. ಊರಿನ ಹೆಸರೇ ಅದರಲ್ಲಿಲ್ಲ. ಊರಿನ ಹೆಸರು ಗ್ರೂಪಿಗೆ ಹೋಗಿಬಿಟ್ಟಿದೆ. ಅದನ್ನು ಈಗ ತಿದ್ದಲು ಹೋಗುವುದು ವ್ಯರ್ಥ.

"ಸರಣಿ" ಎಂಬ ಪದವನ್ನು ಹಳೆಯ ವರದಿಯಲ್ಲಿ ಓದುವಾಗ ಜೋಪಾನ. ಫೂಟ್ ಕಾಲದಲ್ಲಿ ಅದು ಪದರಗಳ ಗುಂಪು. ಇಂದಿನ ಪರಿಭಾಷೆಯಲ್ಲಿ ಅದು ಕಾಲಕ್ಕೆ ಸಂಬಂಧಿಸಿದ ಪದ. ಫಾರ್ಮೇಶನ್‌ಗೆ ಕಾಲದ ಹಂಗಿಲ್ಲ. ಒಂದೇ ಕಾಲದಲ್ಲಿ ದಡದಲ್ಲಿ ಮರಳು, ಆಳದಲ್ಲಿ ಕೆಸರು ಬೀಳುತ್ತಿರುತ್ತದೆ. ಕಡಲು ಏರಿದಂತೆ ಮರಳಿನ ಹಾಸು ಒಳನಾಡಿನ ಕಡೆಗೆ ಸರಿಯುತ್ತದೆ. ಆದ್ದರಿಂದ ಒಂದೇ ಮರಳುಗಲ್ಲು ಒಂದು ತುದಿಯಲ್ಲಿ ಹಳೆಯದು, ಇನ್ನೊಂದು ತುದಿಯಲ್ಲಿ ಹೊಸದು ಆಗಿರಬಹುದು.

ಕನ್ನಡ ಓದುಗರನ್ನು ಕಾಡುವ ಇನ್ನೊಂದು ತೊಡಕಿದೆ. ಇಂಗ್ಲಿಷ್ ವರದಿಗಳಲ್ಲಿ ಮನೋಲಿ ಆರ್ಜಿಲೈಟ್ ಎಂಬ ಪದರ ಬರುತ್ತದೆ. ಆರ್ಜಿಲೈಟ್ ಎಂದರೆ ಗಟ್ಟಿಯಾದ ಜೇಡುಗಲ್ಲು. ಮನೋಲಿಯನ್ನು ಇಂದಿನ ನಕ್ಷೆಯಲ್ಲಿ ಹುಡುಕಿ ಸಿಗಲಿಲ್ಲವೆಂದು ಬರೆದವರಿದ್ದಾರೆ. ಅದು ಸವದತ್ತಿ ಸೀಮೆಯ ಮುನವಳ್ಳಿ, ಬ್ರಿಟಿಷರ ಕಾಲದ ಕಾಗುಣಿತದಲ್ಲಿ. ಒಮ್ಮೆ ಪ್ರಕಟವಾದ ಪದರದ ಹೆಸರನ್ನು ಊರಿನ ಹೆಸರು ಬದಲಾಯಿತೆಂದು ಬದಲಾಯಿಸುವಂತಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಬರೆಯುವಾಗ ಹಳೆಯ ಕಾಗುಣಿತವನ್ನೇ ಇಡಿ. ಕನ್ನಡದಲ್ಲಿ ನಾನು ಮುನವಳ್ಳಿ ಎಂದೇ ಬರೆದು, ಮೊದಲ ಸಲ ಮಾತ್ರ ಮನೋಲಿಯನ್ನೂ ಜೊತೆಗಿಡುತ್ತೇನೆ.

10. ನಕ್ಷೆಯ ಅಂಚು

ಬಣ್ಣಗಳ ಸೂಚಿಯಲ್ಲಿ ಅತಿ ಕಿರಿಯ ಪದರ ಮೇಲೆ, ಹಿರಿಯದು ಕೆಳಗೆ. ಅನ್‌ಕನ್‌ಫಾರ್ಮಿಟಿ ಇರುವಲ್ಲಿ ಎರಡು ಚೌಕಗಳ ನಡುವೆ ಅಲೆಗೆರೆ. ಅಳತೆ, ಉತ್ತರ ದಿಕ್ಕು, ಕೆಲಸ ಮಾಡಿದ ದಿನಾಂಕಗಳು, ನೀವು ನಡೆದ ದಾರಿಗಳು. ಈ ಕೊನೆಯದನ್ನು ಯಾರೂ ಹಾಕುವುದಿಲ್ಲ. ನೀವು ಹಾಕಿ. ಎಲ್ಲಿ ಕಾಲಿಟ್ಟಿದ್ದೀರಿ, ಎಲ್ಲಿ ದೂರದಿಂದ ನೋಡಿ ಬಣ್ಣ ಹಚ್ಚಿದ್ದೀರಿ ಎಂದು ಆಮೇಲೆ ಬರುವವರಿಗೆ ಗೊತ್ತಾಗುತ್ತದೆ.

ಕೊನೆಗೆ ಮಡಿಕೆಗಳಿಗೆ ಅಡ್ಡಲಾಗಿ ಒಂದು ಗೆರೆ ಎಳೆದು, ನೆಲವನ್ನು ಅಲ್ಲಿ ಚಾಕುವಿನಿಂದ ಕತ್ತರಿಸಿದರೆ ಹೇಗೆ ಕಾಣುತ್ತದೆಂದು ಅಡ್ಡಸೀಳಿನ ಚಿತ್ರ ಬಿಡಿಸಿ. ಪದರದ ದಪ್ಪ ಕಾರಣವಿಲ್ಲದೆ ಹಿಗ್ಗಿದರೆ, ಎರಡು ಗಡಿಗಳು ನೆಲದಡಿಯಲ್ಲಿ ಒಂದನ್ನೊಂದು ದಾಟಿದರೆ, ನಕ್ಷೆಯಲ್ಲಿ ಎಲ್ಲೋ ತಪ್ಪಿದೆ. ಅದನ್ನು ಮೇಜಿನ ಮೇಲೆ ಸರಿಪಡಿಸಲು ಕೂರಬೇಡಿ. ಆ ಜಾಗಕ್ಕೆ ಕೆಂಪು ಪೆನ್ಸಿಲ್‌ನಲ್ಲಿ ಸುತ್ತು ಹಾಕಿಕೊಂಡು ಮತ್ತೆ ಬಾಗಲಕೋಟೆಯ ಬಸ್ಸು ಹತ್ತಿ.